ಒಂದು ಕೊಲೆ, 60 ಮರಣದಂಡನೆ: ಕೀನ್ಯಾದ ಹಳ್ಳಿಯ ಮೊಕದ್ದಮೆಯ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಗುಂಪು ಹಲ್ಲೆಯ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, 1932ರಲ್ಲಿ ಕೀನ್ಯಾದ ನ್ಯಾಯಾಲಯವೊಂದು ಹಳ್ಳಿಯ ಒಬ್ಬ ಹೆಂಗಸಿನ ಕೊಲೆಗಾಗಿ 60 ಮಂದಿಗೆ ಮರಣದಂಡನೆ ವಿಧಿಸಿತ್ತೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ವಾಕ್ಯ ಓದುಗರನ್ನು ಸುಮ್ಮನಿರಲು ಬಿಟ್ಟಿಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಂದು ಜೀವ ಹೋದದ್ದಕ್ಕೆ 60 ಜನರಿಗೆ ಗಲ್ಲು ಎಂಬುದನ್ನು ನಂಬುವುದು ಕಷ್ಟ. ನಡೆದದ್ದೇನು? ಅಷ್ಟೂ ಜನರನ್ನು ನಿಜವಾಗಿ ಗಲ್ಲಿಗೇರಿಸಿದರೇ? (ಶಿರಸಿಯ ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ: ಇಲ್ಲ, ಗಲ್ಲಿಗೇರಿಸಲಿಲ್ಲ. ಆದರೆ ಅವರು ಉಳಿದದ್ದು ನ್ಯಾಯಾಲಯದಿಂದಲ್ಲ, ಗವರ್ನರರ ಕಚೇರಿಯಿಂದ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯಾಗುತ್ತದೆ.

ನೈರೋಬಿಯ ಪೂರ್ವಕ್ಕೆ ಮತ್ತು ಆಗ್ನೇಯಕ್ಕೆ ಹರಡಿರುವ ಒಣಭೂಮಿಗೆ ಉಕಾಂಬಾನಿ ಎನ್ನುತ್ತಾರೆ. ಅದು ಕಾಂಬಾ ಜನರ ಸೀಮೆ. 1931ರಲ್ಲಿ ಅಲ್ಲಿನ ಕುಮ್ವಾಕಾ ಎಂಬುವನ ಹೆಂಡತಿ ಕಾಯಿಲೆ ಬಿದ್ದಳು, ಮಾತು ನಿಂತಿತು. ಇದು ಮ್ವೈಕಿ ಎಂಬ ಹೆಂಗಸು ಮಾಡಿದ ಮಾಟ ಎಂಬ ಸಂಶಯ ಹುಟ್ಟಿತು. ಕಾಂಬಾ ಭಾಷೆಯಲ್ಲಿ ಕೇಡಿಗಾಗಿ ಮಾಡುವ ಮಾಟಕ್ಕೆ ‘ಉಓಯಿ’ ಎಂದೂ, ಗುಣಪಡಿಸುವ ವಿದ್ಯೆಗೆ ‘ಉವೆ’ ಎಂದೂ ಬೇರೆ ಬೇರೆ ಹೆಸರುಗಳಿವೆ. ಮಾಟ ಇಟ್ಟವರೇ ಅದನ್ನು ತೆಗೆಯಬಲ್ಲರು ಎಂಬುದು ಆ ಜನರ ನಂಬಿಕೆಯಾದ್ದರಿಂದ ಮ್ವೈಕಿಯನ್ನು ಕರೆಸಿ, ಇಟ್ಟದ್ದನ್ನು ತೆಗೆ ಎಂದು ಕೇಳಿದರು. ರೋಗಿ ಪೂರ್ತಿ ಗುಣವಾಗಲಿಲ್ಲ. ಸುತ್ತಲಿನ ಗಂಡಸರು ಕೂಡಿ ಆಕೆಯನ್ನು ಕೋಲುಗಳಿಂದ ಹೊಡೆದು ಕೊಂದರು.

ಮೊಕದ್ದಮೆ ನಡೆದದ್ದು ಕೀನ್ಯಾದ ಸುಪ್ರೀಂ ಕೋರ್ಟಿನಲ್ಲಿ. ಹೆಸರು ಕೇಳಿ ದಿಲ್ಲಿಯಲ್ಲಿರುವಂಥ ಸರ್ವೋಚ್ಚ ನ್ಯಾಯಾಲಯವೆಂದು ಭಾವಿಸಬಾರದು; ಆಗಿನ ವಸಾಹತಿನಲ್ಲಿ ಕೊಲೆಯಂಥ ಘೋರ ಅಪರಾಧಗಳ ಮೊದಲ ವಿಚಾರಣೆಯೇ ಅಲ್ಲಿ ನಡೆಯುತ್ತಿತ್ತು, ಅಂದರೆ ನಮ್ಮ ಸೆಷನ್ಸ್ ಕೋರ್ಟಿನ ಕೆಲಸವನ್ನೂ ಅದೇ ಮಾಡುತ್ತಿತ್ತು. ಕಟಕಟೆಯಲ್ಲಿ ನಿಂತವರು ಕುಮ್ವಾಕಾ ಮತ್ತು ಅವನ ಜೊತೆ 69 ಮಂದಿ. ತಾವು ಹೊಡೆದದ್ದನ್ನು ಅವರು ಮರೆಮಾಚಲಿಲ್ಲ. ಮರೆಮಾಚುವಂಥದ್ದನ್ನು ಮಾಡಿದ್ದೇವೆ ಎಂದು ಅವರಿಗೆ ಅನಿಸಿರಲೂ ಇಲ್ಲ. 1932ರ ಆರಂಭದಲ್ಲಿ ತೀರ್ಪು ಬಂತು, 60 ಮಂದಿಗೆ ಮರಣದಂಡನೆ ಆಯಿತು. ಪೂರ್ವ ಆಫ್ರಿಕಾದ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಸುದ್ದಿ ಲಂಡನ್ನಿನವರೆಗೂ ಹೋಗಿ ಗದ್ದಲವಾಯಿತು. ಕೊನೆಗೆ ಗವರ್ನರರು ತಮ್ಮ ಕ್ಷಮಾದಾನದ ಅಧಿಕಾರವನ್ನು ಬಳಸಿ ಮರಣದಂಡನೆಗಳನ್ನು ಕಠಿಣ ಸಜೆಗೆ ಇಳಿಸಿದರು.

ಒಂದು ಸಾವಿಗೆ ಹಲವರು ಹೊಣೆಯಾಗುವುದು ಹೇಗೆ ಎಂದರೆ, ಅದರಲ್ಲಿ ನಮಗೆ ಹೊಸತೇನೂ ಇಲ್ಲ. ನಮ್ಮ ಪೊಲೀಸ್ ಠಾಣೆಗಳ ದೂರುಗಳಲ್ಲಿ ‘ಅಕ್ರಮ ಗುಂಪು ಕಟ್ಟಿಕೊಂಡು, ಸಮಾನ ಉದ್ದೇಶದಿಂದ’ ಎಂಬ ಮಾತು ದಿನವೂ ಬೀಳುತ್ತದೆ. ಭಾರತೀಯ ದಂಡ ಸಂಹಿತೆಯ 34 ಮತ್ತು 149ನೆಯ ಕಲಮುಗಳು ಹೇಳುತ್ತಿದ್ದದ್ದು ಇದನ್ನೇ: ಕೊಲ್ಲುವ ಏಟು ಯಾರದೆಂದು ತಿಳಿಯದಿದ್ದರೂ, ಉದ್ದೇಶ ಎಲ್ಲರದೂ ಒಂದೇ ಆಗಿದ್ದರೆ ಅಪರಾಧವೂ ಎಲ್ಲರದು. ಕೀನ್ಯಾದ ಸಂಹಿತೆಯಲ್ಲಿಯೂ ಅಂಥದೇ ಕಲಮು ಇತ್ತು.

ಆದರೆ ಇದೇ ಕೃತ್ಯವನ್ನು ಹಳ್ಳಿಯ ಕಡೆಯಿಂದ ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಕಾಂಬಾ ಜನರಲ್ಲಿ ‘ಕಿಂಗೊಲೆ’ ಎಂಬ ಹಳೆಯ ಪದ್ಧತಿಯಿತ್ತು. ಮಾಟದಿಂದಲೋ ಕಳವಿನಿಂದಲೋ ಊರಿಗೆ ಪದೇ ಪದೇ ಕೇಡು ಮಾಡುವ ವ್ಯಕ್ತಿಯನ್ನು ಹಿರಿಯರ ಕೂಟದ ನಿರ್ಣಯದಂತೆ, ಆ ವ್ಯಕ್ತಿಯ ಹತ್ತಿರದ ಬಂಧುವಿನ ಒಪ್ಪಿಗೆ ಪಡೆದು, ಎಲ್ಲರೂ ಸೇರಿ ಕೊಲ್ಲುತ್ತಿದ್ದರು. ಎಲ್ಲರೂ ಸೇರುವುದಕ್ಕೆ ಕಾರಣವಿತ್ತು: ಎಲ್ಲರ ಕೈ ಬಿದ್ದರೆ ಯಾವ ಒಬ್ಬನ ತಲೆಗೂ ಕೊಲೆಯ ಪಾಪ ಅಂಟುವುದಿಲ್ಲ, ಯಾವ ಒಂದು ಮನೆಯೂ ಸತ್ತವರ ಮನೆಗೆ ರಕ್ತದ ಋಣ ತೆರಬೇಕಾಗುವುದಿಲ್ಲ. ಬ್ರಿಟಿಷ್ ಆಡಳಿತ ಇಂಥ ಅಧಿಕಾರವನ್ನು ಹಳ್ಳಿಗಳಿಂದ ಕಿತ್ತುಕೊಂಡಿತ್ತಾದರೂ, 1931ರ ಘಟನೆಯಲ್ಲಿ ಇತಿಹಾಸಕಾರರು ಕಿಂಗೊಲೆಯ ನೆರಳನ್ನು ಕಾಣುತ್ತಾರೆ. ಯಾರೂ ಕೊಲೆಗಾರರಾಗದಿರಲೆಂದು ಎಲ್ಲರೂ ಹೊಡೆಯುವ ಪದ್ಧತಿ ಅದು. ಎಲ್ಲರೂ ಹೊಡೆದುದರಿಂದಲೇ ಎಲ್ಲರೂ ಕೊಲೆಗಾರರು ಎಂದಿತು ನ್ಯಾಯಾಲಯ.

ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ನಮ್ಮ ದಂಡ ಸಂಹಿತೆಯೇ ಕೀನ್ಯಾದಲ್ಲಿಯೂ ಜಾರಿಯಲ್ಲಿತ್ತೆಂದು ನಮ್ಮ ಉಪನ್ಯಾಸಕರು ಹೇಳಿದರು. ಹಾಗಿದ್ದರೆ 302ನೆಯ ಕಲಮಿನಡಿ ಜೀವಾವಧಿ ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಅವಕಾಶವಿರಲಿಲ್ಲವೇ? (ಧಾರವಾಡದ ಕಾನೂನು ವಿದ್ಯಾರ್ಥಿನಿ)

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಪ್ರಶ್ನೆ ಇದು, ಏಕೆಂದರೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲಿಯೇ.

ನಿಮ್ಮ ಉಪನ್ಯಾಸಕರು ಹೇಳಿದ್ದು ನಿಜ. 1897ರ ರಾಜಾಜ್ಞೆಯೊಂದರ ಮೂಲಕ ಭಾರತದ ದಂಡ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ ಮತ್ತು 1872ರ ಸಾಕ್ಷ್ಯ ಅಧಿನಿಯಮಗಳು ಪೂರ್ವ ಆಫ್ರಿಕಾದ ಬ್ರಿಟಿಷ್ ಸೀಮೆಗೂ ಅನ್ವಯವಾದವು. ಅದಕ್ಕೂ ಹಿಂದೆ ಜಾಂಜಿಬಾರಿನ ಬ್ರಿಟಿಷ್ ಕಾನ್ಸುಲರ ನ್ಯಾಯಾಲಯದ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಬರುತ್ತಿದ್ದವು. ಆ ಕಾಲಕ್ಕೆ ನಿಮ್ಮ ಧಾರವಾಡ, ಪಕ್ಕದ ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳ ಮೇಲ್ಮನವಿಗಳೂ ಹೋಗುತ್ತಿದ್ದದ್ದು ಅದೇ ಹೈಕೋರ್ಟಿಗೆ. ಅಂದರೆ ಹಿಂದೂ ಮಹಾಸಾಗರದ ಆ ದಡದ ಒಂದು ಫಿರ್ಯಾದಿಯೂ ಈ ದಡದ ಒಂದು ಫಿರ್ಯಾದಿಯೂ ಒಂದೇ ಕಟ್ಟಡದಲ್ಲಿ ಒಂದೇ ಕಾನೂನಿನ ಕೆಳಗೆ ಇತ್ಯರ್ಥವಾಗುವ ಸಾಧ್ಯತೆಯಿತ್ತು.

ಆದರೆ ಕೀನ್ಯಾದಲ್ಲಿ ಭಾರತೀಯ ದಂಡ ಸಂಹಿತೆ 1930ರಲ್ಲಿ ಹೋಯಿತು. ಅದರ ಜಾಗಕ್ಕೆ ಬಂದದ್ದು ಇಂಗ್ಲಿಷ್ ಕಾನೂನಿಗೆ ಹತ್ತಿರವಾದ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಹುಟ್ಟಿ ನೈಜೀರಿಯದ ಮೂಲಕ ಹಾದುಬಂದ ಮಾದರಿಯ ಹೊಸ ಸಂಹಿತೆ. ಅದು 1930ರ ಆಗಸ್ಟ್ 1ರಂದು ಜಾರಿಗೆ ಬಂತು. ಮ್ವೈಕಿಯ ಕೊಲೆ ನಡೆದದ್ದು 1931ರಲ್ಲಿ. ನಡುವಿನ ಅಂತರ ಎರಡು ವರ್ಷಕ್ಕಿಂತಲೂ ಕಡಿಮೆ.

ಈ ಬದಲಾವಣೆಯಿಂದ ಆದ ವ್ಯತ್ಯಾಸ ಸಣ್ಣದಲ್ಲ. ಭಾರತೀಯ ಸಂಹಿತೆಯ 302ನೆಯ ಕಲಮು ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಗಡೀಪಾರು, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ‘ಕರಿನೀರಿನ ಶಿಕ್ಷೆ’ ಎಂದು ಎರಡು ದಾರಿಗಳನ್ನು ತೆರೆದಿಟ್ಟಿತ್ತು. ಆ ದಿನಗಳಲ್ಲಿ ಮರಣದಂಡನೆಯೇ ಸಾಮಾನ್ಯ ನಿಯಮವಾಗಿದ್ದು, ಕಡಿಮೆ ಶಿಕ್ಷೆ ಕೊಡುವ ನ್ಯಾಯಾಧೀಶರು ಅದಕ್ಕೆ ಕಾರಣ ಬರೆಯಬೇಕಾಗಿತ್ತು ಎಂಬುದು ನಿಜವಾದರೂ, ದಾರಿಯಂತೂ ಇತ್ತು. ಹೊಸ ಸಂಹಿತೆ ಇಂಗ್ಲಿಷ್ ಮಾದರಿಯಂತೆ ಕೊಲೆಗೆ ಒಂದೇ ಶಿಕ್ಷೆಯನ್ನು ಹೇಳಿತು. ಕೊಲೆ ಸಾಬೀತಾಯಿತೆಂದರೆ ನ್ಯಾಯಾಧೀಶರು ಮರಣದಂಡನೆಯನ್ನು ಓದಲೇಬೇಕು. ಮುಂದೆ ನಿಂತು ಹುರಿದುಂಬಿಸಿದವನಿಗೂ, ಅಣ್ಣತಮ್ಮಂದಿರ ಹಿಂದೆ ಬಂದು ಒಂದು ಕೋಲು ಬೀಸಿದವನಿಗೂ ಅಳತೆ ಒಂದೇ. 60 ಎಂಬ ಆ ಸಂಖ್ಯೆ ಹುಟ್ಟಿದ್ದು ನ್ಯಾಯಾಧೀಶರ ಕ್ರೌರ್ಯದಿಂದಲ್ಲ. ಅಳೆಯಲು ಒಂದೇ ಸೇರು ಕೊಟ್ಟ ಕಾನೂನಿನಿಂದ.

ಇದಕ್ಕೆ ಆಡಳಿತ ಕಂಡುಕೊಂಡಿದ್ದ ಉಪಾಯ ನನಗಂತೂ ಆಕ್ಷೇಪಾರ್ಹವೆನಿಸುತ್ತದೆ. ಮಾಟದ ಸಂಶಯದಿಂದಾದ ಕೊಲೆಗಳಲ್ಲಿ ನ್ಯಾಯಾಲಯ ಮರಣದಂಡನೆ ಓದುವುದು, ಕಡತ ಗವರ್ನರರ ಮೇಜಿಗೆ ಹೋಗುವುದು, ಅಲ್ಲಿ ಶಿಕ್ಷೆ ಇಳಿಯುವುದು ವಾಡಿಕೆಯಂತೆ ನಡೆದಿತ್ತು. ಓದುವವರಿಗೂ ಗೊತ್ತು, ಇಳಿಸುವವರಿಗೂ ಗೊತ್ತು. ಕಟಕಟೆಯಲ್ಲಿ ನಿಂತವನಿಗೆ ಮಾತ್ರ ಗೊತ್ತಿಲ್ಲ. ನ್ಯಾಯಾಲಯದಲ್ಲಿ ತೂಗಬೇಕಾದ ಸಂಗತಿಗಳನ್ನೆಲ್ಲ, ಅಂದರೆ ಯಾರು ಮುಂದಾಳು, ಯಾರು ಹಿಂಬಾಲಕ, ಭಯ ಎಷ್ಟಿತ್ತು, ಹಗೆ ಎಷ್ಟಿತ್ತು ಎಂಬುದನ್ನೆಲ್ಲ, ವಾದ ಪ್ರತಿವಾದಗಳಿಲ್ಲದ ಒಂದು ಕೋಣೆಯಲ್ಲಿ ಕಡತ ನೋಡಿ ತೂಗಿದರು. ದಯೆ ದೊರೆಯಿತು ಸರಿ, ಆದರೆ ಅದಕ್ಕೆ ಕೊಟ್ಟ ಕಾರಣಗಳನ್ನು ಯಾರೂ ತೆರೆದ ನ್ಯಾಯಾಲಯದಲ್ಲಿ ಕೇಳಲಿಲ್ಲ.

ಇನ್ನೊಂದು ಮಾತು ನಿಮ್ಮ ಟಿಪ್ಪಣಿ ಪುಸ್ತಕಕ್ಕೆ: ದಂಡ ಸಂಹಿತೆ ಹೋದರೂ ನಮ್ಮ ಸಾಕ್ಷ್ಯ ಅಧಿನಿಯಮ ಕೀನ್ಯಾದಲ್ಲಿ ಉಳಿಯಿತು. ಕುಮ್ವಾಕಾ ಮೊಕದ್ದಮೆಯ ಕಾಲದಲ್ಲಿ ತಪ್ಪೊಪ್ಪಿಗೆಯನ್ನು ಯಾವಾಗ ಸ್ವೀಕರಿಸಬೇಕು, ಯಾವಾಗ ಕೂಡದು ಎಂಬುದನ್ನು ಅಲ್ಲಿ ತೀರ್ಮಾನಿಸುತ್ತಿದ್ದದ್ದು ಭಾರತದಲ್ಲಿ ಬರೆದ ಕಲಮುಗಳೇ. ಕೀನ್ಯಾ 1963ರಲ್ಲಿ ತನ್ನದೇ ಸಾಕ್ಷ್ಯ ಕಾನೂನನ್ನು ಮಾಡಿಕೊಂಡಾಗಲೂ ಅದರ ಹಂದರ ಹಳೆಯದೇ ಆಗಿತ್ತು.

ಪ್ರಶ್ನೆ: ಮಾಟದ ಭಯ ಆರೋಪಿಗಳಿಗೆ ನಿಜವಾದದ್ದೇ ಆಗಿದ್ದರೆ, ಅದನ್ನು ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ ಎಂದು ಪರಿಗಣಿಸಿ ಕೊಲೆಯೆನಿಸದ ಮಾನವಹತ್ಯೆಗೆ ಇಳಿಸಬಹುದಾಗಿತ್ತಲ್ಲವೇ? (ಮಂಗಳೂರಿನ ವಕೀಲರು)

ಉತ್ತರ: ವಕೀಲರಾದ ನೀವು ಕೇಳಿದ ವಾದವನ್ನೇ ಪೂರ್ವ ಆಫ್ರಿಕಾದ ವಕೀಲರು ಮೂರು ದಶಕಗಳ ಕಾಲ ಮಂಡಿಸಿದರು. ಕುಮ್ವಾಕಾ ಪ್ರಕರಣದಲ್ಲಿ ಅದು ನಿಲ್ಲಲಿಲ್ಲ. ಸತ್ತವಳು ತನಗೆ ಮಾಟ ಮಾಡಿದ್ದಳು ಎಂಬ ವಾದವನ್ನು ನ್ಯಾಯಾಲಯಗಳು ಮೊದಲಿನಿಂದಲೂ ತಳ್ಳಿಹಾಕಿವೆ, ಕಣ್ಣೆದುರಿನ ಪ್ರಾಣಭಯದಲ್ಲಿ ಸಿಲುಕಿದವನ ಪ್ರಕರಣ ಮಾತ್ರ ಬೇರೆ, ಹಾಗಲ್ಲದೆ ಈ ವಾದವನ್ನು ಒಪ್ಪಿದರೆ ಕಾನೂನನ್ನು ಕೈಗೆತ್ತಿಕೊಳ್ಳಬಹುದೆಂಬ ಭಾವನೆಗೆ ನೀರೆರೆದಂತಾಗುತ್ತದೆ ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವಿನ ಸಾರಾಂಶ. ಕರೆಸಿ, ಕೇಳಿ, ಕಾದು, ಕೂಡಿ ಕೊಂದದ್ದರಲ್ಲಿ ‘ಹಠಾತ್’ ಎಂಬುದಕ್ಕೆ ಜಾಗವೂ ಇರಲಿಲ್ಲ.

ಮುಂದೆ 1941ರಲ್ಲಿ ಉಗಾಂಡಾದಿಂದ ಬಂದ ಫಾಬಿಯಾನೊ ಕಿನೆನೆ ಪ್ರಕರಣದಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ನಡುರಾತ್ರಿಯಲ್ಲಿ ಒಬ್ಬ ಮನುಷ್ಯ ಬೆತ್ತಲೆಯಾಗಿ ಆರೋಪಿಗಳ ಮನೆಯಂಗಳದಲ್ಲಿ ತೆವಳುತ್ತಿದ್ದ. ಅಲ್ಲಿನ ಜನರ ಕಣ್ಣಿಗೆ ಅದು ಮಾಟಗಾರನ ವರ್ತನೆ. ಅವರು ಅವನನ್ನು ಹಿಡಿದು ಕ್ರೂರವಾಗಿ ಕೊಂದರು. ಮಾಟ ನಡೆಯುತ್ತಿದೆ ಎಂದು ಪ್ರಾಮಾಣಿಕವಾಗಿ ನಂಬಿದ ಕ್ರಿಯೆ ಕಣ್ಣೆದುರೇ ಸಿಕ್ಕಿಬಿದ್ದಾಗ ಉಂಟಾಗುವ ಸಿಟ್ಟನ್ನು ಪ್ರಚೋದನೆ ಎಂದು ಒಪ್ಪಬಹುದೆಂದು ಮೇಲ್ಮನವಿ ನ್ಯಾಯಾಲಯ ಹೇಳಿ, ಕೊಲೆಯ ಅಪರಾಧವನ್ನು ಮಾನವಹತ್ಯೆಗೆ ಇಳಿಸಿತು.

ಇದಕ್ಕೆ ಆಧಾರವಾದದ್ದು ಪೂರ್ವ ಆಫ್ರಿಕಾದ ಸಂಹಿತೆಗಳಲ್ಲಿದ್ದ ಒಂದು ಸಣ್ಣ ವಿವರಣೆ. ಪ್ರಚೋದನೆಯನ್ನು ಅಳೆಯುವಾಗ ‘ಸಾಮಾನ್ಯ ಮನುಷ್ಯ’ ಎಂದರೆ ಆರೋಪಿ ಸೇರಿದ ಸಮುದಾಯದ ಸಾಮಾನ್ಯ ಮನುಷ್ಯ ಎಂದು ಆ ಕಲಮು ಹೇಳುತ್ತದೆ. ಲಂಡನ್ನಿನ ಬಸ್ಸಿನಲ್ಲಿ ಕೂತ ಗುಮಾಸ್ತನಲ್ಲ, ಉಕಾಂಬಾನಿಯ ಜೋಳದ ಹೊಲದಲ್ಲಿ ನಿಂತ ರೈತ. ಉದಾರವಾದ ಮಾತು, ಆದರೆ ಅದು ನ್ಯಾಯಾಧೀಶರನ್ನು ಇಕ್ಕಟ್ಟಿಗೆ ನೂಕಿತು. ಹಳ್ಳಿಯಲ್ಲಿ ಎಲ್ಲರೂ ಮಾಟವನ್ನು ನಂಬುವವರೇ ಆದರೆ ಪ್ರತಿ ಕೊಲೆಗೂ ರಿಯಾಯಿತಿ ಕೊಡಬೇಕಾಗುತ್ತದೆ. ಕೊಡದಿದ್ದರೆ ಕಲಮಿನಲ್ಲಿ ಬರೆದ ಮಾತಿಗೆ ಬೆಲೆಯಿಲ್ಲದಾಗುತ್ತದೆ.

ಆದ್ದರಿಂದ 1951ರಲ್ಲಿ ಎರಿಯಾ ಗಲಿಕುವಾ ಎಂಬ ಇನ್ನೊಂದು ಉಗಾಂಡಾ ಪ್ರಕರಣದಲ್ಲಿ ನ್ಯಾಯಾಲಯ ಬಾಗಿಲಿಗೆ ಮತ್ತೆ ಅಗುಳಿ ಹಾಕಿತು. ಕೊಂದದ್ದು ಕೋಪದ ಭರದಲ್ಲಿ ಆಗಿರಬೇಕು, ಬರಿಯ ಭಯ ಸಾಲದು, ಅದು ಈಗಿಂದೀಗಲೇ ಸಾಯುವೆನೆಂಬ ಭಯವಾದರೂ ಸಾಲದು. ಸತ್ತವನು ಆರೋಪಿಯ ಕಣ್ಣೆದುರಿನಲ್ಲಿಯೇ ಮಾಟವೆಂದು ನಂಬಬಹುದಾದ ಏನನ್ನಾದರೂ ಮಾಡುತ್ತಿರಬೇಕು. ಆ ಕ್ರಿಯೆ ಸ್ವತಃ ಕಾನೂನಿನ ಪ್ರಕಾರ ಅಪರಾಧವಾಗಿರಬೇಕು. ಪ್ರಚೋದನೆ ಗಂಭೀರವೂ ಹಠಾತ್ತೂ ಆಗಿರಬೇಕು. ಇಷ್ಟೆಲ್ಲ ಕೂಡಿಬರದ ಹೊರತು ಮಾಟದ ನಂಬಿಕೆಯೊಂದೇ ಯಾವ ವಿನಾಯಿತಿಯನ್ನೂ ಕೊಡದು. ಈ ಷರತ್ತುಗಳನ್ನು ಓದಿದಾಗಲೆಲ್ಲ ನನಗೆ ಅನಿಸುವುದೇನೆಂದರೆ, ಮಾಟದ ಕೊಲೆಗಳ ಮೂಲವೇ ಭಯವಾಗಿರುವಾಗ, ಭಯ ಲೆಕ್ಕಕ್ಕಿಲ್ಲ, ಕೋಪ ಮಾತ್ರ ಲೆಕ್ಕಕ್ಕಿದೆ ಎನ್ನುವ ನಿಯಮವು ರೋಗಿಗೆ ಬರುವ ಜ್ವರವನ್ನು ಬಿಟ್ಟು ಬರದ ಕೆಮ್ಮಿಗೆ ಔಷಧ ಕೊಟ್ಟಂತೆ.

ಹೋಲಿಕೆಗೆ ದಕ್ಷಿಣ ಆಫ್ರಿಕಾದ 1933ರ ಎಂಬೊಂಬೆಲಾ ಪ್ರಕರಣವನ್ನೂ ಓದಿರಿ. ಹಳ್ಳಿಯ ಹದಿಹರೆಯ ದಾಟುತ್ತಿದ್ದ ಯುವಕನೊಬ್ಬ, ಮಬ್ಬುಗತ್ತಲೆಯ ಗುಡಿಸಲಿನೊಳಗೆ ಎರಡು ಪುಟ್ಟ ಪಾದಗಳನ್ನು ಕಂಡು, ಅದು ಮಕ್ಕಳನ್ನು ಕಾಡುವ ‘ಟೊಕೊಲೋಶೆ’ ಎಂಬ ಕುಳ್ಳ ಪಿಶಾಚಿಯೆಂದು ನಂಬಿ ಕೊಡಲಿಯಿಂದ ಹೊಡೆದ. ಹೊರಗೆ ಎಳೆದು ನೋಡಿದರೆ ಅದು ಅವನ ಸೋದರ ಸಂಬಂಧದ ಪುಟ್ಟ ಹುಡುಗ. ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಮಾನವಹತ್ಯೆಗೆ ಇಳಿದು ಶಿಕ್ಷೆ 12 ತಿಂಗಳ ಸಜೆಯಾಯಿತು. ಆದರೂ ಆ ನ್ಯಾಯಾಲಯ ‘ಸಮಂಜಸ ಮನುಷ್ಯ’ನ ಅಳತೆಯನ್ನು ಜನಾಂಗಕ್ಕೆ ತಕ್ಕಂತೆ ಬದಲಿಸಲು ಒಪ್ಪಲಿಲ್ಲ, ಅವನ ನಂಬಿಕೆ ಪ್ರಾಮಾಣಿಕವಾದದ್ದು, ಆದರೆ ಸಮಂಜಸವಲ್ಲ ಎಂದಿತು.

ಪ್ರಶ್ನೆ: ಹಳ್ಳಿಯ ಹಿರಿಯರಿಗೆ ಆ ವಿಚಾರಣೆಯಲ್ಲಿ ಯಾವ ಪಾತ್ರವೂ ಇರಲಿಲ್ಲವೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಹೆಸರಿಗೆ ಇತ್ತು. ಕೀನ್ಯಾದಲ್ಲಿ ಯುರೋಪಿಯನ್ ಆರೋಪಿಗೆ ಜ್ಯೂರಿ ಇರುತ್ತಿತ್ತು. ಆಫ್ರಿಕನ್ನರಿಗೆ ಮತ್ತು ಅಲ್ಲಿ ನೆಲೆಸಿದ ಭಾರತೀಯರಿಗೆ ಜ್ಯೂರಿಯಿಲ್ಲ, ಅಸೆಸರುಗಳು. ಆರೋಪಿಯ ಕಡೆಯ ರೂಢಿ ಬಲ್ಲವರೆಂದು ಒಂದಿಬ್ಬರನ್ನೋ ಮೂವರನ್ನೋ ನ್ಯಾಯಾಧೀಶರ ಬದಿಯಲ್ಲಿ ಕೂರಿಸಿ, ಕೊನೆಯಲ್ಲಿ ಅಭಿಪ್ರಾಯ ಕೇಳುತ್ತಿದ್ದರು. ಜ್ಯೂರಿಯ ಮಾತು ತೀರ್ಪಾಗುತ್ತಿತ್ತು, ಅಸೆಸರರ ಮಾತು ಸಲಹೆಯಷ್ಟೆ; ಅದನ್ನು ಒಪ್ಪುವುದೂ ಬಿಡುವುದೂ ನ್ಯಾಯಾಧೀಶರ ಇಚ್ಛೆ. ಈ ಪದ್ಧತಿಯೂ ಭಾರತದ ಪ್ರಕ್ರಿಯಾ ಸಂಹಿತೆಯಿಂದ ಹೋದದ್ದೇ. ನಮ್ಮಲ್ಲಿ ಅಸೆಸರುಗಳ ಪದ್ಧತಿಯನ್ನು 1955ರ ತಿದ್ದುಪಡಿ ತೆಗೆದುಹಾಕಿತು; ಕೀನ್ಯಾದಲ್ಲಿ ಅದು 2007ರವರೆಗೂ ಉಳಿದಿತ್ತು.

ಕಾಂಬಾ ಜನರ ಸ್ವಂತ ನ್ಯಾಯಪದ್ಧತಿಯಲ್ಲಿ ‘ಕಿಥಿಟು’ ಎಂಬ ಆಣೆಯ ವಸ್ತುವಿಗೆ ದೊಡ್ಡ ಸ್ಥಾನವಿತ್ತು. ಅದರ ಮುಂದೆ ಸುಳ್ಳು ಆಣೆ ಮಾಡಿದವನೋ ಅವನ ಮನೆಯವರೋ ಸಾಯುತ್ತಾರೆಂದು ನಂಬಿಕೆ. ಧರ್ಮಸ್ಥಳದ ಆಣೆಯನ್ನು ಬಲ್ಲ ನಮ್ಮ ಕರಾವಳಿಯ, ಮಲೆನಾಡಿನ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಜಮೀನು, ದನಕರುಗಳ ವ್ಯಾಜ್ಯಗಳು ಹಿರಿಯರ ಕೂಟದಲ್ಲಿ ಉಳಿದವು, ಜೀವ ತೆಗೆಯುವ ಮತ್ತು ಉಳಿಸುವ ಪ್ರಶ್ನೆಗಳನ್ನು ಮಾತ್ರ ವಸಾಹತು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿತು. ಈ ಪ್ರಕರಣದ ಮರುವರ್ಷ, 1933ರಲ್ಲಿ, ಕೀನ್ಯಾ, ಉಗಾಂಡಾ ಮತ್ತು ಟಾಂಗನಿಕಾಗಳಲ್ಲಿ ಅಪರಾಧ ನ್ಯಾಯ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಲು ಬ್ರಿಟನ್ನಿನ ವಸಾಹತು ಕಚೇರಿಯ ಕಾನೂನು ಸಲಹೆಗಾರ ಗ್ರಾಟನ್ ಬುಶ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಹಳ್ಳಿಗರಿಗೆ ಇಂಗ್ಲಿಷ್ ವಿಚಾರಣಾ ಕ್ರಮ ತಲೆಗೆ ಹತ್ತುವುದಿಲ್ಲ, ಜಿಲ್ಲಾಧಿಕಾರಿಗಳಿಗೇ ಹೆಚ್ಚು ಅಧಿಕಾರ ಇರಲಿ ಎಂದು ಆಡಳಿತಗಾರರು, ಬೇಡ, ತರಬೇತಾದ ನ್ಯಾಯಾಧೀಶರ ಕೈಗೇ ಬರಲಿ ಎಂದು ನ್ಯಾಯಾಂಗದವರು ವಾದಿಸಿದರು. ಹಳ್ಳಿಗರ ಹೆಸರಿನಲ್ಲಿ ಇಬ್ಬರೂ ಮಾತಾಡಿದರು.

ಪ್ರಶ್ನೆ: ಇಂಥ ಮೂಢನಂಬಿಕೆ ಆಫ್ರಿಕಾದ ಹಿಂದುಳಿದ ಸಮಾಜಗಳಲ್ಲಿ ಮಾತ್ರ ಸಾಧ್ಯವಲ್ಲವೇ? ಅದನ್ನು ನಮ್ಮ ಪತ್ರಿಕೆಯಲ್ಲಿ ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವೇನು? (ಹೆಸರು ತಿಳಿಸದ ಓದುಗರು)

ಉತ್ತರ: ಅಲ್ಲ. ಮಾಟಗಾತಿಯೆಂದು ಹೆಂಗಸರನ್ನು ಕೊಲ್ಲುವುದನ್ನು ತಡೆಯಲು ಬಿಹಾರ 1999ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಝಾರ್ಖಂಡ್ ಅದನ್ನು ತನ್ನದಾಗಿಸಿಕೊಂಡಿತು. ಬಾನಾಮತಿಯ ಹೆಸರಿನಲ್ಲಿ ಜನರನ್ನು ಥಳಿಸಿದ ಸುದ್ದಿಗಳು ನಮ್ಮ ಬೀದರ, ಕಲಬುರಗಿ ಕಡೆಯವರಿಗೆ ಅಪರಿಚಿತವಲ್ಲ. ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರಗಳ ಪ್ರತಿಬಂಧ ಮತ್ತು ನಿರ್ಮೂಲನೆ ಅಧಿನಿಯಮ 2017ರದು, ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಎರಡನೆಯ ಪ್ರಶ್ನೆಗೂ ಇದೇ ಉತ್ತರ.

ಪ್ರಶ್ನೆ: ನಾನು ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಇಲ್ಲಿದ್ದೇನೆ. ಇಂದು ಅಂಥದೇ ಪ್ರಕರಣ ನಡೆದರೆ ಇಲ್ಲಿನ ಕಾನೂನು ಹೇಗೆ ನಡೆದುಕೊಳ್ಳುತ್ತದೆ? (ನೈರೋಬಿಯಲ್ಲಿರುವ ಕನ್ನಡಿಗರು)

ಉತ್ತರ: ‘ನಡೆದರೆ’ ಎಂದಿದ್ದೀರಿ, ನಡೆಯುತ್ತಲೇ ಇವೆ. 2008ರ ಮೇ ತಿಂಗಳಲ್ಲಿ ಪಶ್ಚಿಮ ಕೀನ್ಯಾದ ಕಿಸೀ ಸೀಮೆಯಲ್ಲಿ ಮಾಟದ ಆರೋಪ ಹೊರಿಸಿ 11 ಮಂದಿಯನ್ನು ಸುಟ್ಟು ಕೊಂದರು, ಅವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಅದೇ ಸೀಮೆಯ ಮರಾನಿಯಲ್ಲಿ 2021ರ ಅಕ್ಟೋಬರಿನಲ್ಲಿ ನಾಲ್ವರು ಮುದುಕಿಯರು ಹಾಗೆಯೇ ಸತ್ತರು.

ಶಿಕ್ಷೆಯ ವಿಷಯದಲ್ಲಿ ಮಾತ್ರ ದೊಡ್ಡ ಬದಲಾವಣೆಯಾಗಿದೆ. ಕೀನ್ಯಾದಲ್ಲಿ 1987ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. 2009ರಲ್ಲಿ ಅಧ್ಯಕ್ಷ ಕಿಬಾಕಿ ಅವರು ನಾಲ್ಕು ಸಾವಿರಕ್ಕೂ ಹೆಚ್ಚು ಮರಣದಂಡನೆಗಳನ್ನು ಒಮ್ಮೆಗೇ ಜೀವಾವಧಿಗೆ ಇಳಿಸಿದರು, ಅಂದರೆ 1932ರ ಗವರ್ನರರ ಕೆಲಸವನ್ನೇ ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಮುರುವಾಟೆಟು ಪ್ರಕರಣದಲ್ಲಿ ಈಗಿನ ಸುಪ್ರೀಂ ಕೋರ್ಟು, ಕೊಲೆಗೆ ಮರಣದಂಡನೆ ಕಡ್ಡಾಯ ಎಂಬ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಮರಣದಂಡನೆ ಪುಸ್ತಕದಲ್ಲಿ ಉಳಿಯಿತು, ಕಡ್ಡಾಯ ಎಂಬ ಪದ ಬಿತ್ತು. ಕುಮ್ವಾಕಾನ ಜೊತೆಗಾರರಿಗೆ ಸಿಗದಿದ್ದ ಆ ಒಂದು ಅವಕಾಶ, ಆರೋಪಿಯ ಪಾಲು ಎಷ್ಟೆಂದು ನ್ಯಾಯಾಧೀಶರೇ ತೂಗುವ ಅವಕಾಶ, 85 ವರ್ಷಗಳ ನಂತರ ನ್ಯಾಯಾಲಯಕ್ಕೆ ಮರಳಿತು. ನಮ್ಮಲ್ಲಿ ಜೀವಾವಧಿ ಕೈದಿ ಮಾಡಿದ ಕೊಲೆಗೆ ಮರಣದಂಡನೆಯೇ ಎನ್ನುತ್ತಿದ್ದ 303ನೆಯ ಕಲಮನ್ನು 1983ರ ಮಿಟ್ಠು ಪ್ರಕರಣದಲ್ಲಿ ರದ್ದುಪಡಿಸಿದ್ದು ಇಂಥದೇ ಕಾರಣಕ್ಕೆ.

ಇನ್ನು ಮಾಟದ ಕಾನೂನು. ಅಲ್ಲಿ ಇಂದಿಗೂ ಇರುವುದು 1925ರದೇ. ಮಾಟ ಮಾಡುವುದಾಗಿ ಹೇಳಿಕೊಳ್ಳುವುದೂ ಅಪರಾಧ, ಇನ್ನೊಬ್ಬರನ್ನು ಮಾಟಗಾರರೆಂದು ದೂರುವುದೂ ಅಪರಾಧ. ಆದರೆ ಆ ದೂರನ್ನು ಪೊಲೀಸರಿಗೋ ಊರ ಮುಖ್ಯಸ್ಥನಿಗೋ ಕೊಟ್ಟರೆ ಅಪರಾಧವಲ್ಲ. ಹಳ್ಳಿಯವರ ಕಣ್ಣಿನಿಂದ ಇದನ್ನು ಓದಿ ನೋಡಿ. ಸರ್ಕಾರ ಮಾಟವಿಲ್ಲ ಎನ್ನುತ್ತದೆಯೋ, ಇದೆ ಎನ್ನುತ್ತದೆಯೋ? ಇದೆ ಎಂದಾದರೆ ಸರ್ಕಾರವೇಕೆ ಮಾಟಗಾರರನ್ನು ಶಿಕ್ಷಿಸುವುದಿಲ್ಲ? ದೂರು ಕೊಟ್ಟರೂ ಸಾಕ್ಷ್ಯವಿಲ್ಲವೆಂದು ಬಿಟ್ಟುಬಿಡುವ ಸರ್ಕಾರ ಮಾಟಗಾರರ ಪಕ್ಷ ವಹಿಸಿದೆ ಎಂಬ ದೂರು ವಸಾಹತು ಕಾಲದಿಂದಲೂ ಕೇಳಿಬಂದಿದೆ. ಆ ದೂರು ತಪ್ಪಾದರೂ, ಕಾನೂನಿನ ಬರವಣಿಗೆ ಅದಕ್ಕೆ ಎಡೆಕೊಟ್ಟಿದೆ ಎಂಬುದನ್ನು ಅಲ್ಲಗಳೆಯಲಾಗದು.

ಪ್ರಶ್ನೆ: ಎಲ್ಲರೂ ಆರೋಪಿಗಳ ಬಗ್ಗೆಯೇ ಮಾತಾಡುತ್ತಾರೆ. ಸತ್ತ ಹೆಂಗಸಿನ ಬಗ್ಗೆ ಏನಾದರೂ ಹೇಳಿ. ಇಂಥ ಆರೋಪ ಹೆಂಗಸರ ಮೇಲೆಯೇ ಏಕೆ ಬರುತ್ತದೆ? (ತುಮಕೂರಿನ ಓದುಗರು)

ಉತ್ತರ: ಗಂಡಸರ ಮೇಲೆಯೂ ಬರುತ್ತದೆ, ಕಿನೆನೆ ಪ್ರಕರಣದಲ್ಲಿ ಸತ್ತವನು ಗಂಡಸೇ. ಆದರೂ ಹೆಚ್ಚಿನ ಭಾರ ಬಿದ್ದಿರುವುದು ವಯಸ್ಸಾದ ಹೆಂಗಸರ ಮೇಲೆ. ಟಾಂಜಾನಿಯಾದ ಸುಕುಮಾ ಸೀಮೆಯಲ್ಲಿ ಮುದುಕಿಯ ಕಣ್ಣು ಕೆಂಪಗಿದ್ದರೆ ಅದೇ ಮಾಟಗಾತಿಯ ಗುರುತು. ಕಟ್ಟಿಗೆ ಸಿಗದ ಆ ಬಯಲಿನಲ್ಲಿ ಅಡುಗೆಗೆ ಒಣ ಸಗಣಿ ಉರಿಸುತ್ತಾರೆ. ಆ ಹೊಗೆಯ ಮುಂದೆ ಜೀವಮಾನವಿಡೀ ಕೂತ ಹೆಂಗಸಿನ ಕಣ್ಣು ಕೆಂಪಾಗದೆ ಇನ್ನೇನಾದೀತು ಎಂಬುದನ್ನು ಬೆರಣಿಯ ಒಲೆ ಊದಿದ ನಮ್ಮ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ಗಂಡ ಸತ್ತ ಮೇಲೂ ಜಮೀನಿನ ಮೇಲೆ ಉಳಿದಿರುವ ವಿಧವೆಯ ಮೇಲೆ ಸಂಶಯ ಬಹುಬೇಗ ಹುಟ್ಟುತ್ತದೆ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ಮ್ವೈಕಿಯನ್ನು ಕರೆದದ್ದು ಕಾಯಿಲೆಯ ಮನೆಗೆ, ಗುಣಪಡಿಸಲು. ರೋಗಿ ಪೂರ್ತಿ ಗುಣವಾಗಿದ್ದರೆ ಇಟ್ಟವಳು ಇವಳೇ ಎಂದಾಗುತ್ತಿತ್ತು, ಆಗದಿದ್ದರೆ ತೆಗೆಯಲು ಒಲ್ಲೆನೆಂದಳು ಎಂದಾಗುತ್ತಿತ್ತು. ನ್ಯಾಯಾಲಯದಲ್ಲಿ ಆಮೇಲೆ ನಡೆದ ವಾದವೆಲ್ಲ ಆಕೆಯನ್ನು ಕೊಂದವರ ನಂಬಿಕೆಯ ಬಗ್ಗೆ, ಅವರ ಸಿಟ್ಟಿನ ಬಗ್ಗೆ, ಅವರ ಶಿಕ್ಷೆಯ ಬಗ್ಗೆ. ನೀವು ಈ ಪ್ರಕರಣವನ್ನು ಕಾನೂನು ಗ್ರಂಥಾಲಯದಲ್ಲಿ ಹುಡುಕಲು ಹೋದರೆ ಮ್ವೈಕಿ ಎಂಬ ಹೆಸರಿನಲ್ಲಿ ಸಿಗುವುದಿಲ್ಲ. ‘ಸರ್ಕಾರ ವಿರುದ್ಧ ಮುಲುಂಬಿಯ ಮಗ ಕುಮ್ವಾಕಾ ಮತ್ತು ಇತರ 69 ಮಂದಿ, 1932’ ಎಂದು ಹುಡುಕಬೇಕು.